ಲಾಂಗು ಕಂಡವರಿಗೆ ಹುಡುಗಿ ಕಾಣಲಿಲ್ಲವೇ?

ಕನ್ನಡ ಸಿನೆಮಾದ ಇತಿಹಾಸ ಬರೆಯಲು ಕೂತವರು 1995ನೆಯ ಇಸವಿಗೆ ಬಂದ ಕೂಡಲೇ ಉಬ್ಬಿ ಹೋಗುತ್ತಾರೆ. ಆ ವರ್ಷದ ಮೇ ತಿಂಗಳಲ್ಲಿ ‘ಓಂ’ ತೆರೆಗೆ ಬಂತು. ನಿರ್ದೇಶಕ ಉಪೇಂದ್ರ, ನಾಯಕ ಶಿವರಾಜಕುಮಾರ್, ನಾಯಕಿ ಪ್ರೇಮಾ, ಸಂಗೀತ ಹಂಸಲೇಖ, ಛಾಯಾಗ್ರಹಣ ಬಿ.ಸಿ. ಗೌರೀಶಂಕರ್, ಹಣ ಹಾಕಿದವರು ಪಾರ್ವತಮ್ಮ ರಾಜಕುಮಾರ್. ಅಲ್ಲಿಂದ ಮುಂದೆ ವಿಮರ್ಶಕರ ಮಾತು ಒಂದೇ ಜಾಡಿನಲ್ಲಿ ಸಾಗುತ್ತದೆ. ‘ಕನ್ನಡಕ್ಕೆ ಹೊಸ ದಾರಿ ಹಾಕಿದ ಚಿತ್ರ’ ಎನ್ನುತ್ತಾರೆ. ‘ಭೂಗತ ಲೋಕವನ್ನು ಇದ್ದದ್ದು ಇದ್ದ ಹಾಗೆ ತೋರಿಸಿದ ಚಿತ್ರ’ ಎನ್ನುತ್ತಾರೆ. ನಿಜವಾದ ರೌಡಿಗಳನ್ನೇ ಕರೆತಂದು ಕ್ಯಾಮೆರಾದ ಮುಂದೆ ನಿಲ್ಲಿಸಿದ ಧೈರ್ಯವನ್ನು ಮೆಚ್ಚುತ್ತಾರೆ. ಐನೂರಕ್ಕೂ ಹೆಚ್ಚು ಸಲ ಮತ್ತೆ ಮತ್ತೆ ಬಿಡುಗಡೆಯಾಯಿತೆಂದು ಲೆಕ್ಕ ಒಪ್ಪಿಸುತ್ತಾರೆ. ಕೊನೆಗೆ, ಆ ಉದ್ದನೆಯ ಲಾಂಗು ಕನ್ನಡ ಸಿನೆಮಾಕ್ಕೆ ಬಂದದ್ದು ಇಲ್ಲಿಂದ ಎಂದು ಷರಾ ಬರೆದು ಮುಗಿಸುತ್ತಾರೆ.

ಈ ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಇರುವುದು ಅದರಲ್ಲಿ ಬಿಟ್ಟುಹೋದ ಒಂದು ಸಂಗತಿಯ ಬಗ್ಗೆ. ಲಾಂಗನ್ನು ಕಂಡವರು, ಲಾಂಗು ಹಿಡಿದ ಕೈ ಕಂಡವರು, ಆ ಕೈಗೆ ಬೆಳಕು ಎಲ್ಲಿಂದ ಬಿತ್ತೆಂದು ಕಂಡವರು, ಅದೇ ಚಿತ್ರದಲ್ಲಿ ಅಂಜಿ ನಡುಗುತ್ತ ನಿಂತ ಹುಡುಗಿಯನ್ನು ಯಾಕೆ ಕಾಣಲಿಲ್ಲ? ಮೂವತ್ತು ವರ್ಷಗಳ ಮೇಲೂ ಯಾಕೆ ಕಾಣುತ್ತಿಲ್ಲ?

‘ಶಿರಹಟ್ಟಿಯಂಥ ಊರಲ್ಲಿ ಕೂತ ಹೆಂಗಸಿಗೆ ಇದೆಲ್ಲ ಯಾಕೆ?’ ಎಂದು ಕೇಳುವವರು ಇದ್ದಾರೆ. ಅವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ನಾಟಕ ಕಂಪನಿ ಕಟ್ಟಿದ ಸೀಮೆ ಇದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು ನಾಟಕ ಕಂಪನಿ ನಡೆಸಿ, ಅದರಿಂದ ಬಂದ ದುಡ್ಡಿನಲ್ಲಿ ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ಟ ನೆಲ ಇದು. ಆಟ ನೋಡಿ, ‘ಇದು ಬರೋಬ್ಬರಿ ಆಗಲಿಲ್ಲ ಬಿಡ್ರಿ’ ಎಂದು ಮುಖಕ್ಕೆ ಹೇಳುವ ರೂಢಿ ನಮ್ಮ ಹೆಂಗಸರಿಗೆ ಸಿನೆಮಾ ಹುಟ್ಟುವ ಮೊದಲಿನಿಂದ ಇದೆ. ಅದನ್ನು ವಿಮರ್ಶೆ ಎಂದು ಯಾರೂ ಕರೆಯಲಿಲ್ಲ, ಅಷ್ಟೇ.

ಕಥೆ ನಿಮಗೆ ಗೊತ್ತೇ ಇದೆ. ಪುರೋಹಿತರ ಮನೆಯ ಸಾಧು ಹುಡುಗ ಸತ್ಯ. ಅವನು ಮಧು ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ. ಪ್ರೀತಿಯ ಹೆಸರಿನಲ್ಲಿ ಅವಳು ಅವನನ್ನು ಬಳಸಿಕೊಳ್ಳುತ್ತಾಳೆ, ಅವನು ಅವಳಿಗಾಗಿ ಹೊಡೆದಾಟಕ್ಕೆ ಇಳಿಯುತ್ತಾನೆ, ರೌಡಿಯಾಗುತ್ತಾನೆ. ಆಮೇಲೆ ಅವಳ ಬೆನ್ನು ಹತ್ತುತ್ತಾನೆ. ಅವಳು ಹೋದಲ್ಲೆಲ್ಲ ಅವನು, ಅವಳಿಗೆ ಬೇರೆ ಬದುಕೇ ಇಲ್ಲದಂತೆ ಮಾಡುವವನು ಅವನು. ಮೊದಲು ನಮಗೆ ಕಾಣುವುದು ಅವಳ ಅಂಜಿಕೆ. ಆಮೇಲೆ ಹಿಂದಿನ ಕಥೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಂತೆ ನಮ್ಮ ಕನಿಕರವನ್ನೆಲ್ಲ ಅವಳಿಂದ ಕಿತ್ತು ಅವನಿಗೆ ಕೊಡಲಾಗುತ್ತದೆ. ಚಿತ್ರದ ಜಾಣತನ ಇರುವುದೇ ಇಲ್ಲಿ. ಅಂಜಿದವಳು ಅಪರಾಧಿಯಾಗುತ್ತಾಳೆ, ಅಂಜಿಸಿದವನು ಪಾಪ ಎನ್ನಿಸಿಕೊಳ್ಳುತ್ತಾನೆ. ಅವಳು ತನ್ನ ತಪ್ಪು ಒಪ್ಪಿ ಅವನ ಕೈ ಹಿಡಿಯುವುದೇ ಪ್ರಾಯಶ್ಚಿತ್ತ.

ಈ ತಿರುವನ್ನು ವಿಮರ್ಶಕರು ‘ಚಿತ್ರಕಥೆಯ ಹೊಸ ವರಸೆ’ ಎಂದರು. ವರಸೆ ಹೊಸದೇ ಇರಬಹುದು. ಸರಕು ಮಾತ್ರ ಬಹಳ ಹಳೆಯದು. ಕುರುಕ್ಷೇತ್ರದಲ್ಲಿ ಅಷ್ಟು ಜನ ಸತ್ತದ್ದು ಯಾಕೆ ಎಂದು ಕೇಳಿ ನೋಡಿ. ‘ದ್ರೌಪದಿ ನಕ್ಕಳಲ್ಲ, ಅದಕ್ಕೆ’ ಎನ್ನುವವರು ಇಂದಿಗೂ ಸಿಗುತ್ತಾರೆ. ಪಗಡೆ ಆಡಿದವನ ಹೆಸರು ಆಮೇಲೆ ಬರುತ್ತದೆ, ಸೀರೆಗೆ ಕೈ ಹಾಕಿದವನ ಹೆಸರು ಅದಕ್ಕೂ ಆಮೇಲೆ.

ಇದು ನಮ್ಮ ದೇಶದ್ದೊಂದೇ ಕಥೆಯೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಅಪರಾಧದ ಸಿನೆಮಾಗಳು ಫ್ರಾನ್ಸಿಗೆ ಒಟ್ಟಿಗೆ ಬಂದಿಳಿದವು. ಅವುಗಳಲ್ಲಿ ಕತ್ತಲೆ, ಮಳೆ, ನೆರಳು, ಮೋಸ ತುಂಬಿದ್ದನ್ನು ಕಂಡು ನೀನೋ ಫ್ರಾಂಕ್ ಎಂಬ ವಿಮರ್ಶಕ 1946ರಲ್ಲಿ ‘ಫಿಲ್ಮ್ ನ್ವಾರ್’ ಎಂದ. ಕಪ್ಪು ಸಿನೆಮಾ ಎಂದರ್ಥ. ಆ ಕಪ್ಪು ಸಿನೆಮಾದಲ್ಲಿ ಒಬ್ಬ ಹೆಣ್ಣು ಇದ್ದೇ ಇರುತ್ತಾಳೆ, ಗಂಡಸನ್ನು ಹಾಳು ಮಾಡುವ ಮೋಹಿನಿ. 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ವಿಮೆಯ ಏಜಂಟನೊಬ್ಬ ಅಂಥವಳ ಮಾತು ಕೇಳಿ ಅವಳ ಗಂಡನನ್ನು ಕೊಲ್ಲುತ್ತಾನೆ. ಕೊಲೆ ಮಾಡಿದ್ದು ಅವನ ಕೈ. ನೆನಪಿನಲ್ಲಿ ಉಳಿದದ್ದು ಅವಳ ಹೆಸರು. 1948ರಲ್ಲಿ ರಾಬರ್ಟ್ ವಾರ್ಷೋ ಎಂಬ ವಿಮರ್ಶಕ ಗ್ಯಾಂಗ್‌ಸ್ಟರನನ್ನು ದುರಂತ ನಾಯಕ ಎಂದು ಕರೆದು ಒಂದು ಒಳ್ಳೆಯ ಪ್ರಬಂಧ ಬರೆದ. ಗ್ಯಾಂಗ್‌ಸ್ಟರ್ ಎಂದರೆ ನಗರದ ಮನುಷ್ಯ, ಮೇಲೇರಬೇಕೆಂಬ ಹಟದಿಂದಲೇ ಅವನು ಬೀಳುತ್ತಾನೆ ಎನ್ನುವುದು ಅದರ ಸಾರ. ಬಹಳ ಯೋಚನೆ ಮಾಡಿದ ಬರಹ ಅದು. ಆದರೆ ಅವನ ಪಕ್ಕದಲ್ಲಿ ನಿಂತ ಹೆಣ್ಣಿನ ಲೆಕ್ಕ ಯಾವುದು ಎಂಬುದನ್ನು ಒಂದು ಪುಸ್ತಕ ಮಾಡಿ ಕೇಳಲು 1978ರವರೆಗೆ ಕಾಯಬೇಕಾಯಿತು. ಆ ಪುಸ್ತಕವನ್ನು ಸಂಪಾದಿಸಿದವಳು ಇ. ಆನ್ ಕಪ್ಲಾನ್ ಎಂಬ ಹೆಣ್ಣುಮಗಳು. ಅಲ್ಲೇ ಮೂವತ್ತು ವರ್ಷ ಹಿಡಿಯಿತೆಂದಮೇಲೆ, ನಮ್ಮಲ್ಲಿಯೂ ‘ಓಂ’ ಬಂದು ಮೂವತ್ತು ವರ್ಷ ತುಂಬಿದೆ. ಕೇಳುವ ಹೊತ್ತು ಬಂದಿದೆ ಎಂದೇ ತಿಳಿಯೋಣ.

ಈಗ ವಿಮರ್ಶಕರ ಮೊದಲನೆಯ ಮೆಚ್ಚುಗೆಯನ್ನೇ ತೆಗೆದುಕೊಳ್ಳಿ. ನಿಜವಾದ ರೌಡಿಗಳು ನಟಿಸಿದ್ದರಿಂದ ಚಿತ್ರಕ್ಕೆ ನಿಜದ ಕಳೆ ಬಂತಂತೆ. ಸರಿ. ರೌಡಿ ಹೇಗೆ ನಡೆಯುತ್ತಾನೆ, ಹೇಗೆ ನಿಲ್ಲುತ್ತಾನೆ, ಹೇಗೆ ನೋಡುತ್ತಾನೆ ಎಂದು ತಿಳಿಯಲು ರೌಡಿಯನ್ನೇ ಕರೆಸಿದರು. ದಿನಾ ಒಬ್ಬ ಹಿಂದೆ ಬಿದ್ದರೆ ಹುಡುಗಿ ಹೇಗೆ ನಡೆಯುತ್ತಾಳೆ, ಯಾವ ದಾರಿ ಬಿಟ್ಟು ಯಾವ ದಾರಿ ಹಿಡಿಯುತ್ತಾಳೆ, ಮನೆಯಲ್ಲಿ ಬಾಯಿ ಬಿಡುವುದಕ್ಕೆ ಯಾಕೆ ಅಂಜುತ್ತಾಳೆ ಎಂದು ಯಾವ ಹುಡುಗಿಯನ್ನಾದರೂ ಕರೆಸಿ ಕೇಳಿದ್ದರೆ ಕಥೆ ಹೀಗೆ ತಿರುಗುತ್ತಿತ್ತೇ? ಅರ್ಧ ಮಾತ್ರ ನಿಜವಾದ ಚಿತ್ರವನ್ನು ‘ಇದ್ದದ್ದು ಇದ್ದ ಹಾಗೆ’ ಎಂದು ಕರೆದರೆ, ಉಳಿದ ಅರ್ಧ ಜನರು ಈ ಲೋಕದಲ್ಲಿ ಇಲ್ಲವೆಂದೇ ಅರ್ಥವಾಯಿತಲ್ಲ!

ಪ್ರೇಮಾ ಆ ಪಾತ್ರವನ್ನು ಚೆನ್ನಾಗಿ ಮಾಡಿದ್ದಾರೆ. ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಅವರಿಗೆ ಬಂತು, ಶ್ರೇಷ್ಠ ನಟ ಪ್ರಶಸ್ತಿ ಶಿವರಾಜಕುಮಾರರಿಗೆ ಬಂತು. ನನ್ನನ್ನು ಕೇಳಿದರೆ, ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ನಿಜವಾದದ್ದು ಆ ರೌಡಿಗಳ ಮುಖವಲ್ಲ, ಮೊದಲ ಭಾಗದಲ್ಲಿ ಪ್ರೇಮಾ ಮುಖದ ಮೇಲಿನ ಅಂಜಿಕೆ. ಅದನ್ನು ಕಂಡ ಯಾವ ಹೆಂಗಸಿಗೂ ಅದು ನಟನೆ ಎನಿಸುವುದಿಲ್ಲ. ಪ್ರಶಸ್ತಿ ಕೊಟ್ಟವರು ಅಂಜಿಕೆಗೆ ಅಂಕ ಹಾಕಿದರು. ಅದರ ಅರ್ಥವನ್ನು ಮಾತ್ರ ಓದಲಿಲ್ಲ.

ನಮ್ಮೂರಿನಿಂದ ಗದಗಿಗೆ ಕಾಲೇಜಿಗೆಂದು ಬಸ್ಸಿನಲ್ಲಿ ಹೋಗಿ ಬರುವ ಹುಡುಗಿಯರು ಆಗಲೂ ಇದ್ದರು, ಈಗಲೂ ಇದ್ದಾರೆ. ನಮ್ಮ ಓಣಿಯ ಒಬ್ಬ ಹುಡುಗಿ, ಹೆಸರು ಬೇಡ, ಕಾಮರ್ಸ್ ಓದುತ್ತಿದ್ದಳು. ಲೆಕ್ಕಪತ್ರದ ವಿಷಯದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆಯುತ್ತಿದ್ದವಳು. ಬ್ಯಾಂಕಿನ ಪರೀಕ್ಷೆ ಬರೆಯಬೇಕೆಂದು ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಸಂಜೆ ಬರುತ್ತಿದ್ದಳು. ‘ಓಂ’ ಬಂದ ಮರುವರ್ಷವೋ ಏನೋ, ಒಬ್ಬ ಹುಡುಗ ಅವಳ ಹಿಂದೆ ಬಿದ್ದ. ಗಡ್ಡ ಬಿಟ್ಟ, ಕೊರಳಿಗೆ ಮಣಿಸರ ಹಾಕಿದ, ಬಸ್ಸಿನಲ್ಲಿ ಅವಳ ಸೀಟಿನ ಹಿಂದೆಯೇ ಕೂರತೊಡಗಿದ. ಸೀಟಿನ ತಗಡಿನ ಮೇಲೆ ಅವಳ ಹೆಸರು ಕೆತ್ತಿದ. ಒಂದು ದಿನ ಕೈ ಕೊಯ್ದುಕೊಂಡು ಬಂದು ಅವಳ ಮುಂದೆ ಹಿಡಿದ. ಅವಳು ಮನೆಯಲ್ಲಿ ಹೇಳಿದಳು. ಹೇಳಿದ್ದೇ ತಪ್ಪಾಯಿತು.

ಹಿರಿಯರು ಕೂತರು. ‘ಒಂದ ಕೈಲೆ ಚಪ್ಪಾಳಿ ಆಗ್ತೈತೇನ್ರೀ? ಹುಡುಗಿ ಏನೂ ಮಾಡದ ಅಂವ ಸುಮ್ಮ ಸುಮ್ಮನ ಯಾಕ ಕೈ ಕೊಯ್ಕೊಂತಾನ?’ ಎಂದು ಒಬ್ಬರು ಕೇಳಿದರು. ‘ಪಾಪ, ಅವನ ಬಾಳೇನೂ ಹಾಳಾತಲ್ರೀ’ ಎಂದು ಇನ್ನೊಬ್ಬರು. ಆ ಮಾತಿಗೆ ಅಲ್ಲಿ ಕೂತ ಹೆಂಗಸರೂ ತಲೆ ಹಾಕಿದರು. ಸೋಮವಾರದಿಂದ ಹುಡುಗಿಯ ಕಾಲೇಜು ಬಂದ್. ಮುಂದಿನ ಬೇಸಿಗೆಯಲ್ಲಿ ಲಗ್ನ. ಹುಡುಗನಿಗೆ ಬೈದರು, ಬಿಟ್ಟರು. ಎರಡು ವರ್ಷದಲ್ಲಿ ಅವನು ಗಡ್ಡ ತೆಗೆದ, ಅಂಗಡಿ ಇಟ್ಟ. ‘ಈಗ ಬುದ್ಧಿ ಬಂದೈತಿ ನೋಡ್ರಿ ಹುಡುಗಗ’ ಎಂದು ಎಲ್ಲರೂ ಸಂತೋಷಪಟ್ಟರು.

ಕೆಲವು ವರ್ಷಗಳ ಮೇಲೆ ಫಕೀರೇಶ್ವರ ಜಾತ್ರೆಗೆಂದು ತವರಿಗೆ ಬಂದಾಗ ಆ ಹುಡುಗಿ ಕಂಕುಳಲ್ಲಿ ಕೂಸು ಹೊತ್ತು ನಮ್ಮ ಮನೆಗೆ ಬಂದಿದ್ದಳು. ಬ್ಯಾಂಕಿನ ಮಾತು ನಾನು ಎತ್ತಲಿಲ್ಲ. ಅವಳೇ ಅಂದಳು: ‘ಅಕ್ಕಾರ, ನಾ ಒಂದ ಸಲನೂ ಅವನ ಮಾರಿ ನೆಟ್ಟಗ ನೋಡಿಲ್ರೀ. ಈಗ ಎದುರಿಗೆ ಬಂದ್ರ ನನಗ ಗುರುತಾನೂ ಹತ್ತೂದಿಲ್ಲ.’

ಇದೆಲ್ಲ ಆ ಸಿನೆಮಾದಿಂದ ಆಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಇನ್ನೊಂದು ಗುಂಪಿದೆ, ಅವರೊಂದಿಗೂ ನನಗೆ ಜಗಳವಿದೆ. ‘ಇಂಥ ಸಿನೆಮಾ ನೋಡಿಯೇ ಹುಡುಗರು ಕೆಟ್ಟರು, ನಿಷೇಧಿಸಬೇಕಿತ್ತು’ ಎನ್ನುವ ಗುಂಪು ಅದು. ಬೆಂಗಳೂರಿನಲ್ಲಿ ಕೊತ್ವಾಲ್ ರಾಮಚಂದ್ರನ ಕೊಲೆಯಾದದ್ದು 1986ರಲ್ಲಿ, ಜಯರಾಜನ ಕೊಲೆಯಾದದ್ದು 1989ರಲ್ಲಿ. ಆಗ ‘ಓಂ’ ಎಲ್ಲಿತ್ತು? ರೌಡಿಗಳು ಹುಟ್ಟಿದ ಮೇಲೆ ಸಿನೆಮಾ ಹುಟ್ಟಿತು. ರಾಜಕಾರಣ, ದುಡ್ಡು, ನಿರುದ್ಯೋಗ ಸಾಕಿ ಬೆಳೆಸಿದ್ದರ ಪಾಪವನ್ನೆಲ್ಲ ಒಂದು ಸಿನೆಮಾದ ತಲೆಗೆ ಕಟ್ಟುವುದು ಸುಲಭದ ಕೆಲಸ. ಹುಡುಗಿಯರ ಹಿಂದೆ ಬೀಳುವ ಹುಡುಗರೂ ಸಿನೆಮಾಕ್ಕಿಂತ ಹಳಬರು.

ಹಾಗಾದರೆ ಸಿನೆಮಾ ಕೊಟ್ಟದ್ದೇನು? ಅದು ಒಂದು ವಾದ ಕೊಟ್ಟಿತು. ‘ನಾನು ಹೀಗಾದದ್ದು ನಿನ್ನಿಂದ’ ಎನ್ನುವ ವಾದ. ಮೊದಲೂ ಇದ್ದ ಈ ವಾದಕ್ಕೆ ಸಂಗೀತ ಹಚ್ಚಿ, ಬೆಳಕು ಹಾಕಿ, ದೊಡ್ಡ ನಟನ ಬಾಯಲ್ಲಿಟ್ಟು, ಪ್ರಶಸ್ತಿ ಹಚ್ಚಿ ಊರೂರಿಗೆ ಕಳಿಸಿತು. ಈ ವಾದ ನಿಮ್ಮ ಮನೆಯೊಳಗೂ ಕೇಳಿರಬಹುದು. ಕುಡಿದು ಬಂದವನು ‘ನಿನ್ನ ಕಿರಿಕಿರಿಗೇ ಕುಡಿದೆ’ ಎನ್ನುತ್ತಾನೆ. ಹೊಡೆದವನು ‘ನೀನು ಎದುರು ಆಡಿದ್ದಕ್ಕೇ ಕೈ ಎತ್ತಿದೆ’ ಎನ್ನುತ್ತಾನೆ. ಕೈ ಅವನದು, ಕಾರಣ ನಮ್ಮದು! ನಮ್ಮ ಓಣಿಯ ಹಿರಿಯರು ಅಂದು ಆಡಿದ ಮಾತು ಸಿನೆಮಾದಿಂದ ಕಲಿತದ್ದಲ್ಲ. ಸಿನೆಮಾ ಮಾಡಿದವರು ಇಂಥ ಓಣಿಗಳ ಕಟ್ಟೆಯಿಂದಲೇ ಆ ಮಾತನ್ನು ಎತ್ತಿಕೊಂಡದ್ದು. ವಿಮರ್ಶಕನಾದವನು ಅದನ್ನು ಗುರುತಿಸಬೇಕಿತ್ತು.

‘ಚಿತ್ರ ಕೊನೆಗೆ ರೌಡಿತನ ಬೇಡ ಎಂದೇ ಹೇಳುತ್ತದಲ್ಲ?’ ಎಂದು ನೀವು ಕೇಳಬಹುದು. ಹೌದು, ಹೇಳುತ್ತದೆ. ಲಾಂಗು ಬೇಡ ಎನ್ನುತ್ತದೆ. ಹುಡುಗಿಯ ಹಿಂದೆ ಬೀಳುವುದು ಬೇಡ ಎಂದು ಎಲ್ಲಿ ಹೇಳುತ್ತದೆ? ಹಿಂದೆ ಬಿದ್ದದ್ದರ ಫಲವಾಗಿಯೇ ಅವಳು ಅವನವಳಾಗುತ್ತಾಳೆ. ಒಂದು ತಪ್ಪಿಗೆ ಬುದ್ಧಿ ಹೇಳಿ, ಇನ್ನೊಂದು ತಪ್ಪಿಗೆ ಬಹುಮಾನ ಕೊಟ್ಟು ಕಳಿಸಿದ ಹಾಗಾಯಿತು.

‘ರೌಡಿ ಕಥೆ ಎಂದ ಮೇಲೆ ಹಾಗೇ ಇರುತ್ತದೆ’ ಎನ್ನುವ ಸಮಾಧಾನವೂ ನಿಲ್ಲುವುದಿಲ್ಲ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಪುಸ್ತಕದಿಂದ 2007ರಲ್ಲಿ ‘ಆ ದಿನಗಳು’ ಚಿತ್ರವಾಯಿತು. ನಿರ್ದೇಶಕ ಕೆ.ಎಂ. ಚೈತನ್ಯ, ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಕೈ ಇತ್ತು. ಅಲ್ಲಿಯೂ ಒಬ್ಬ ಹುಡುಗ, ಒಬ್ಬ ಹುಡುಗಿ ಪ್ರೀತಿಸುತ್ತಾರೆ. ಆದರೆ ರಕ್ತ ಹರಿಯುವುದು ಹುಡುಗಿಯ ಸುಳ್ಳಿನಿಂದಲ್ಲ. ಮಗನ ಪ್ರೀತಿ ಮುರಿಯಲೆಂದು ಹಣವಂತ ಅಪ್ಪ ರೌಡಿಯ ಮೊರೆ ಹೋಗುವುದರಿಂದ. ಇನ್ನೂ ಹಿಂದೆ ಹೋದರೆ, ತ.ರಾ.ಸು. ಕಾದಂಬರಿಗಳ ಮೇಲೆ ಪುಟ್ಟಣ್ಣ ಕಣಗಾಲರು 1972ರಲ್ಲಿ ಮಾಡಿದ ‘ನಾಗರಹಾವು’ ಇದೆ. ರಾಮಾಚಾರಿಯೂ ಸಿಟ್ಟಿನ ಹುಡುಗನೇ, ಬ್ರಾಹ್ಮಣರ ಮನೆಯವನೇ. ಆದರೆ ಅವನ ಬಾಳು ಕೆಟ್ಟದ್ದಕ್ಕೆ ಊರು, ಜಾತಿ, ಹಿರಿಯರ ಹಟ ಎಲ್ಲವೂ ಉತ್ತರ ಹೇಳಬೇಕಾಗುತ್ತದೆ. ಅಲಮೇಲುವಿಗಾಗಿ ನಾವು ಅತ್ತದ್ದು ಅದಕ್ಕೇ. ಕಥೆ ಹೇಳಲು ಬೇರೆ ದಾರಿ ಇತ್ತು. ನಮ್ಮವರೇ ಆ ದಾರಿಯಲ್ಲಿ ನಡೆದು ತೋರಿಸಿದ್ದರು.

‘ಓಂ’ ಹಾಕಿದ ದಾರಿಯಲ್ಲಿ ಬಂದವುಗಳಲ್ಲಿ ಹೆಂಗಸರಿಗೆ ಎರಡೇ ಕೆಲಸ ಉಳಿದವು. ಒಬ್ಬಳು ಕೆಡಿಸುವವಳು, ಇನ್ನೊಬ್ಬಳು ಅಳುವವಳು. ಅಳುವವಳಲ್ಲಿ ದೊಡ್ಡವಳು 2005ರ ‘ಜೋಗಿ’ಯ ತಾಯಿ. ಮಗನನ್ನು ಹುಡುಕುತ್ತ ಬೆಂಗಳೂರಿನ ಬೀದಿ ಬೀದಿ ಅಲೆದು, ಕೊನೆಗೆ ತನ್ನ ಹೆಣದ ಮುಂದೆ ಮಗನೇ ಕುಣಿದರೂ ಗುರುತು ಸಿಗದಂತೆ ಹೋಗುವವಳು. ಅರುಂಧತಿ ನಾಗ್ ಅದನ್ನು ಮಾಡಿದ ರೀತಿಗೆ ಟಾಕೀಜಿನಲ್ಲಿ ಸೆರಗು ಒದ್ದೆ ಮಾಡಿಕೊಳ್ಳದವರು ಯಾರಿದ್ದರು? ಆ ಅಳುವನ್ನು ನಾನು ಹಗುರ ಮಾಡುವುದಿಲ್ಲ. ಮಗನನ್ನು ನಗರ ನುಂಗಿದ ತಾಯಂದಿರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ತಾಯಿಯ ಕಣ್ಣೀರಿಗೆ ಅಷ್ಟು ಜಾಗ ಇರುವ ಸಿನೆಮಾದಲ್ಲಿ, ಬೇರೆಯವರ ಮಗಳ ಅಂಜಿಕೆಗೆ ಯಾಕೆ ಜಾಗವಿಲ್ಲ?

‘ಓಂ’ಗೆ ಹಣ ಹಾಕಿದವರು ಹೆಣ್ಣುಮಗಳು ಎಂಬುದನ್ನೂ ಮರೆಯಬಾರದು. 2017ರಲ್ಲಿ ತೀರಿಕೊಂಡ ಪಾರ್ವತಮ್ಮನವರು ಕನ್ನಡದಲ್ಲಿ ಗಂಡಸರ ಕೋಟೆಯಂತಿದ್ದ ಉದ್ಯಮದಲ್ಲಿ ಲೆಕ್ಕ ಹಿಡಿದು, ಕಥೆ ಆರಿಸಿ, ಹೊಸ ನಾಯಕಿಯರನ್ನು ತಂದು ನಿಲ್ಲಿಸಿದವರು. ಅವರ ಬಗ್ಗೆ ನನಗೆ ಗೌರವವಿದೆ. ಹೆಂಗಸು ದುಡ್ಡು ಹಾಕಿದ ಮಾತ್ರಕ್ಕೆ ಕಥೆ ಹೆಂಗಸಿನ ಪರವಾಗುತ್ತದೆ ಎಂಬ ಭ್ರಮೆ ಬೇಡ, ಅಷ್ಟೇ. ಓಣಿಯ ಪಂಚಾಯ್ತಿಯಲ್ಲಿ ತಲೆ ಹಾಕಿದ ಹೆಂಗಸರೂ ನಮ್ಮವರೇ ಅಲ್ಲವೇ?

ಕಾನೂನು ಸಿನೆಮಾ ವಿಮರ್ಶಕರಿಗಿಂತ ಬೇಗ ಕಣ್ಣು ತೆರೆಯಿತು. 2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ಆ ಹುಡುಗಿಗೆ ಆದದ್ದನ್ನು ಕಂಡು ದೇಶವೆಲ್ಲ ಬೀದಿಗೆ ಬಂದ ಮೇಲೆ, 2013ರಲ್ಲಿ ದಂಡ ಸಂಹಿತೆಗೆ 354ಡಿ ಎಂಬ ಹೊಸ ಕಲಮು ಸೇರಿತು. ಬೇಡ ಎಂದ ಮೇಲೂ ಹೆಣ್ಣಿನ ಬೆನ್ನು ಹತ್ತುವುದೇ ಒಂದು ಅಪರಾಧ, ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸಜೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಮು. ಕಾನೂನಿನ ಪುಸ್ತಕದಲ್ಲಿ ಅಪರಾಧವಾದದ್ದು ಸಿನೆಮಾ ಪುಟದಲ್ಲಿ ಇನ್ನೂ ‘ತೀವ್ರ ಪ್ರೇಮ’ವಾಗಿಯೇ ಉಳಿದಿದೆ.

ಎಷ್ಟೋ ವರ್ಷ ಟಾಕೀಜಿನಲ್ಲೇ ಸುತ್ತಿದ ‘ಓಂ’ 2015ರಲ್ಲಿ ಟಿ.ವಿ.ಗೂ ಬಂತು, ಮನೆಯೊಳಗೆ ಬಂದು ಕೂತಿತು. ಇನ್ನೊಮ್ಮೆ ಬಂದಾಗ ಟಿ.ವಿ. ಆರಿಸಬೇಡಿ. ಮುಚ್ಚಿಟ್ಟದ್ದಕ್ಕೆ ರುಚಿ ಹೆಚ್ಚು. ಚೆನ್ನಾಗಿ ತೆಗೆದ ಚಿತ್ರ ಅದು, ಕೂತು ನೋಡಿ. ಮಗ, ಅಳಿಯ, ಮೈದುನ ಯಾರು ಪಕ್ಕದಲ್ಲಿದ್ದರೂ ಜೊತೆಗೆ ಕೂರಿಸಿಕೊಳ್ಳಿ. ಲಾಂಗು ಬಂದಾಗ ಅವರು ಸಿಳ್ಳೆ ಹಾಕಲಿ. ಅಂಜಿದ ಹುಡುಗಿ ತೆರೆಯ ಮೇಲೆ ಬಂದಾಗ ಮಾತ್ರ ಒಂದೇ ಪ್ರಶ್ನೆ ಕೇಳಿ: ‘ಈಕಿ ನಿನ್ನ ತಂಗಿ ಆಗಿದ್ದರ, ಯಾರ ಕಾಲೇಜು ಬಿಡಸ್ತಿದ್ದಿಪಾ ನೀನು?’

ಅವರು ಉತ್ತರ ಕೊಡುವವರೆಗೆ ಚಹಾ ತರಲು ಏಳಬೇಡಿ.